ಮಂಗಳವಾರದ ಚೀಲ

ಮಂಗಳವಾರ ರಾತ್ರಿ ನಮ್ಮ ಬೀದಿಯಲ್ಲಿ
ಕಸದ ಡಬ್ಬಿಗಳು ಗಡಗಡ ಉರುಳಿ ಹೊರಗೆ ಬರುತ್ತವೆ.
ಪೀಟರ್‌ಹೆಡ್ಡಿನ ಕಡಲಹಕ್ಕಿಗಳಿಗೂ ವಾರ ಗೊತ್ತು,
ಹೊಗೆಗೂಡಿನ ಮೇಲೆ ಸಾಲಾಗಿ ಕೂತು
ನಮ್ಮ ಎಂಜಲನ್ನು ಮುಂಚಿತವಾಗಿ ಹಂಚಿಕೊಳ್ಳುತ್ತವೆ.

ನಾನು ಸಿಂಕಿನ ಕೆಳಗಿನಿಂದ ಕಪ್ಪು ಚೀಲದ ಸುರುಳಿ ತೆಗೆದು
ಒಂದನ್ನು ಚರ್ರನೆ ಹರಿದು
ಫಟ್ಟನೆ ಕೊಡವಿ ಬಾಯಿ ಬಿಡಿಸಿದೆ.
ಅಷ್ಟೇ.

ತಿರುಗಿದರೆ ಮೆಟ್ಟಿಲ ಮೇಲೆ ಐಲ್ಸಾ.
ಆರು ವರ್ಷ. ಮಲಗುವ ಅಂಗಿಯ ಮೇಲೆ ಕೋಟು,
ಬೂಟಿನ ಲೇಸಿಗೆ ಎರಡೆರಡು ಗಂಟು,
ಕಂಕುಳಲ್ಲಿ ಒಂಟಿ ಕಿವಿಯ ಮೊಲ.
ಅಳುತ್ತಿರಲಿಲ್ಲ. ಬಸ್ಸಿಗೆ ಕಾಯುವವರ ಹಾಗೆ
ಗೋಡೆಗೆ ಆತು ಕೂತಿದ್ದಳು.
"ಎಲ್ಲಿಗೆ ಪುಟ್ಟಿ?" ಎಂದೆ.
"ನೀವು ಹೇಳಬೇಕು," ಎಂದಳು.

ಮೂರು ಮಂಗಳವಾರ ಬೇಕಾಯಿತು ನಮ್ಮಿಬ್ಬರ ದಡ್ಡ ತಲೆಗೆ.
ಕಡತದಲ್ಲಿ ಎಲ್ಲ ಇತ್ತು: ತೂಕ, ಚುಚ್ಚುಮದ್ದು,
ತೋಳಿನ ಹಳೆಯ ಮುರಿತ, ನಾಲ್ಕು ಮನೆಗಳ ವಿಳಾಸ.
ಚೀಲ ಇರಲಿಲ್ಲ.
ಎರಡನೆಯ ಮನೆಯ ಹೆಂಗಸು ಫೋನಿನಲ್ಲಿ,
ಬಟ್ಟೆ ಮಡಿಸುತ್ತಲೇ ಇರಬೇಕು, ಹೇಳಿದಳು:
"ಅವಳ ಸಾಮಾನೆಲ್ಲ ಕಸದ ಚೀಲದಲ್ಲಿ ಕಟ್ಟಿ ಕಳಿಸಿದ್ರು ನಮಗೆ.
ನಾವೂ ಹಾಗೇ ಕಳಿಸಿದ್ವಿ.
ತುರ್ತು ನೋಡಿ. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ."

ಯಾರಿಗೂ ಇರಲಿಲ್ಲ, ನಿಜ.
ಕರ್ಸ್ಟಿ ಫೋನಿಟ್ಟು ಸಿಂಕಿನ ಕೆಳಗಿನ ಬಾಗಿಲನ್ನು
ಮೊಣಕಾಲಿನಿಂದ ಒತ್ತಿ ಹಿಡಿದು ನಿಂತಳು,
ಒಳಗೆ ಏನೋ ಜೀವವಿದ್ದ ಹಾಗೆ.

ಸೂಟ್‌ಕೇಸು ತಂದೆವು, ಹಳದಿಯದು, ಚಕ್ರದ್ದು,
ಅವಳ ಹೆಸರು ಬರೆಸಿ. ಬಲು ಜಾಣರು ನಾವು!
ನೋಡಿದ್ದೇ ತಡ, ನಡುಮನೆಯಲ್ಲೇ ವಾಂತಿ ಮಾಡಿಕೊಂಡಳು.

ಅತ್ತೆ ಅಂದರು: "ಪ್ರೀತಿ ಕೊಡಿ, ಮರೆಯುತ್ತೆ.
ಅಷ್ಟು ಎಳೇ ಕೂಸಿಗೆ ಏನು ನೆನಪಿದ್ದೀತು?"
ತಲೆಗೆ ಇಲ್ಲದಿರಬಹುದು, ಅತ್ತೆ.
ಮೀನಖಂಡಕ್ಕಿದೆ.
ಜಾರಿದ ಹೊದಿಕೆ ಎಳೆಯುವಾಗ ನೋಡಿದ್ದೇನೆ,
ನಿದ್ದೆಯಲ್ಲೂ ಸಡಿಲಾಗದ ಹಡಗಿನ ಹಗ್ಗ.

ಗುರುವಾರ ಚರ್ಚಿನ ಹಿಂಕೋಣೆಯಲ್ಲಿ ಏಳು ಜನ ಸೇರುತ್ತೇವೆ.
ಹೀಟರಿನಲ್ಲಿ ಸುಟ್ಟ ಧೂಳಿನ ವಾಸನೆ, ಮೆತ್ತಗಾದ ಬಿಸ್ಕತ್ತು.
ಅಲ್ಲಿ ಯಾರೂ 'ಪ್ರೀತಿ ಕೊಡಿ' ಅನ್ನುವುದಿಲ್ಲ.
ಡೂಗಲ್ ತೋಳು ಮಡಚಿ ಮಣಿಕಟ್ಟು ತೋರಿಸಿದ:
ದುಂಡಗೆ ಹಲ್ಲಿನ ಗುರುತು, ಕೈಗಡಿಯಾರದಷ್ಟು.
"ಗಂಟೆ ಎಷ್ಟಪ್ಪಾ?" ಅಂದಳು ಯೂನಾ.
ನಕ್ಕೆವು. ನಕ್ಕು ನಕ್ಕು ಡೂಗಲ್ ಎದ್ದುಹೋಗಿ
ಕಿಟಕಿಗೆ ಮುಖ ಮಾಡಿ ನಿಂತ.
ಯಾರೋ ಅವನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದರು.

ಈಗ ನಮ್ಮಲ್ಲಿ ಕಪ್ಪು ಚೀಲವಿಲ್ಲ.
ಕಸವನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ
ಬೆಳಗಿನ ಪಾಳಿಗೆ ಮಂಜುಗಡ್ಡೆ ಕಾರ್ಖಾನೆಗೆ ಒಯ್ಯುತ್ತೇನೆ,
ಒಂದು ಕೈಲಿ ಬುತ್ತಿ, ಒಂದು ಕೈಲಿ ಕಸ.
ಒಮ್ಮೆ ಮಳೆಗೆ ನೆನೆದು ಪೊಟ್ಟಣದ ತಳ ಕಿತ್ತು
ಆಲೂಗಡ್ಡೆ ಸಿಪ್ಪೆ, ಮೊಟ್ಟೆಯ ಓಡು, ಮೀನಿನ ತಲೆ
ಎಲ್ಲ ನಡುಬೀದಿಗೆ. ಹಕ್ಕಿಗಳಿಗೆ ಹಬ್ಬ.
ಪಕ್ಕದ ಮನೆಯ ಮಿಸೆಸ್ ಬುಕನ್ ಪರದೆ ಸರಿಸಿ
ಇವನಿಗೆ ಹುಚ್ಚು ಹಿಡೀತು ಅಂದುಕೊಂಡಿರಬೇಕು.
ಅಂದುಕೊಳ್ಳಲಿ.

ಎರಡು ಚಳಿಗಾಲ ಕಳೆದಿವೆ.
ನಮ್ಮ ಚೀಲ ಹೋದರೂ ಬೀದಿಯ ಗಡಗಡ ಹೋಗುವುದಿಲ್ಲವಲ್ಲ,
ನಿನ್ನೆಯೂ ಬಂದು ಕೂತಿದ್ದಳು ಮೆಟ್ಟಿಲ ಮೇಲೆ.
ಕೋಟು ಇತ್ತು. ಮೊಲ ಇತ್ತು.
ಕಾಲು ಮಾತ್ರ ಬರಿಗಾಲು.

ನಾನು ಎರಡು ಮೆಟ್ಟಿಲು ಕೆಳಗೆ, ಬೆನ್ನು ಹಾಕಿ ಕೂತೆ.
ಅವಳಿಗೆ ಹಾಗೇ ಆಗಬೇಕು, ಮುಖ ನೋಡಬಾರದು.
ಹೊರಗೆ ಗಾಳಿ ಯಾರದೋ ಡಬ್ಬಿಯ ಮುಚ್ಚಳ
ತೆಗೆದು ಹಾಕಿತು, ತೆಗೆದು ಹಾಕಿತು.
ತುಂಬ ಹೊತ್ತಿನ ಮೇಲೆ
ಒಂದು ತಣ್ಣನೆಯ ಹೆಬ್ಬೆರಳು ನನ್ನ ಬೆನ್ನಿಗೆ ತಾಗಿತು,
ತಾಗಿ ಅಲ್ಲೇ ಇತ್ತು.

"ನಾಳೆ ಸೂಪು ಮಾಡ್ತೀಯಾ?"
"ಬುಧವಾರ ತಾನೆ. ಮಾಡ್ತೀನಿ."
"ಈರುಳ್ಳಿ ಬೇಡ."
"ಬೇಡ."